ಮೋಡಪ್ಪನ ಹತ್ತು ದಿನದ ರಜೆ

ಕಾಲೇಜಿನ ನೆಲಮಾಳಿಗೆಯಲ್ಲಿದ್ದ ಹನ್ನೆರಡು ಯಂತ್ರಗಳಿಗೆ ಬಿಟ್ಟಿ ಸಿಗುವ ಓಪನ್ ಸೋರ್ಸ್ ತಂತ್ರಾಂಶ ಹಾಕಿ, ಕಾಲೇಜಿನದೇ ಒಂದು ಕ್ಲೌಡ್, ಅಂದರೆ ಎಲ್ಲರೂ ಹಂಚಿಕೊಂಡು ಬಳಸುವ ಕಂಪ್ಯೂಟರ್ ಮೋಡ, ಕಟ್ಟಿದವನಿಗೆ ಎಲ್ಲರೂ ಇಟ್ಟ ಹೆಸರು ಮೋಡಪ್ಪ. ಪ್ರತಿ ಸೋಮವಾರ ಹಳೆಯದನ್ನು ಅಳಿಸಿ, ವಿದ್ಯಾರ್ಥಿಗಳಿಗಾಗಿ ಹೊಸದಾಗಿ ಕಟ್ಟಬೇಕು. ಅದಕ್ಕೆ ನೂರಾ ನಲವತ್ತಮೂರು ಹೆಜ್ಜೆ. ಅಷ್ಟೂ ಮೋಡಪ್ಪನಿಗೆ ಬಾಯಿಪಾಠ. ಬೇರೆಯವರಿಗೆ ತಲೆಬುಡ ತಿಳಿಯದು. ಹಾಗಾಗಿ ಒಂಬತ್ತು ವರ್ಷದಿಂದ ಪುಣ್ಯಾತ್ಮ ಒಂದು ಸೋಮವಾರವೂ ರಜೆ ಹಾಕಿರಲಿಲ್ಲ.

ಈ ಸಲ ಹೆಂಡತಿ ಪಟ್ಟು ಹಿಡಿದಳು. "ಹತ್ತು ದಿನ ಸಮುದ್ರ ನೋಡೋಕೆ ಹೋಗ್ತೀನಿ. ನೀವು ಬಂದ್ರೆ ಸರಿ, ಇಲ್ಲಾಂದ್ರೆ ಆ ಯಂತ್ರಗಳ ಜೊತೆಗೇ ಸಂಸಾರ ಮಾಡ್ಕೊಳ್ಳಿ."

ಪ್ರಿನ್ಸಿಪಾಲರು ಅರ್ಜಿ ನೋಡಿ ನಕ್ಕರು. "ಕಂಪ್ಯೂಟರಿನ ಗಂಧಗಾಳಿ ಇಲ್ಲದವರ ಕೈಲಿ ಇದನ್ನ ಕಟ್ಟಿಸಿ ತೋರಿಸು. ಆವತ್ತೇ ಸಹಿ ಹಾಕ್ತೀನಿ."

ಮೋಡಪ್ಪ ಮೂರು ತಿಂಗಳು ಏಗಿ ಎಲ್ಲ ಹೆಜ್ಜೆಗಳನ್ನೂ ಯಂತ್ರ ತಾನೇ ಓದಿ ನಡೆಸುವ ಒಂದೇ ಸ್ಕ್ರಿಪ್ಟಿಗೆ ತುಂಬಿದ. ‘ಕಟ್ಟು’ ಎಂದು ಟೈಪಿಸಿ ಎಂಟರ್ ಒತ್ತಿದರಾಯಿತು. ಪರೀಕ್ಷೆಗೆ, ಟಿವಿ ರಿಮೋಟನ್ನೇ ಅನುಮಾನದಿಂದ ನೋಡುವ ಅತ್ತೆಯನ್ನು ಕರೆತಂದ. ಅತ್ತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಬೆರಳಲ್ಲಿ ಒತ್ತಿದರು. ಅರವತ್ತೊಂದನೆಯ ಹೆಜ್ಜೆಗೆ ಪರದೆ ಕೆಂಪಾಯಿತು. ಮತ್ತೆ ಒತ್ತಿದರು, ಮತ್ತೆ ಕೆಂಪು. ಏಳು ಸಲ ಅದೇ ಕಥೆ! ರಜೆ ಕೈತಪ್ಪಿತೆಂದು ಮೋಡಪ್ಪನಿಗೆ ಅಳುವೇ ಬಂತು.

"ಅಲ್ಲಾ ಅಳಿಯಂದ್ರೇ, ಕೈಯಲ್ಲಿ ಮಾಡುವಾಗ ಅರವತ್ತಾದ ಮೇಲೆ ಏನ್ಮಾಡ್ತಿದ್ರಿ?"

"ಏನೂ ಇಲ್ಲ ಅತ್ತೆ. ಚಹಾ ಕುಡೀತಿದ್ದೆ."

"ಎಷ್ಟು ಹೊತ್ತು?"

"ಒಂದು ಹನ್ನೆರಡು ನಿಮಿಷ..." ಮೋಡಪ್ಪ ಹಣೆ ಚಚ್ಚಿಕೊಂಡ. ಅಯ್ಯೋ ಮಂಕೇ! ಅಷ್ಟು ಹೊತ್ತಿನಲ್ಲಿ ಯಂತ್ರಗಳು ಒಂದನ್ನೊಂದು ಹುಡುಕಿಕೊಳ್ಳುತ್ತಿದ್ದವು. ಒಂಬತ್ತು ವರ್ಷ ಕ್ಲೌಡನ್ನು ಎದ್ದು ನಿಲ್ಲಿಸಿದ್ದು ಇವನ ಬುದ್ಧಿಯಲ್ಲ, ಇವನ ಚಹಾ.

ಅರವತ್ತರ ನಂತರ ಸ್ಕ್ರಿಪ್ಟು ಅಲ್ಲೇ ತಡೆದು ನಿಲ್ಲುವಂತೆ ಒಂದು ಸಾಲು ಸೇರಿಸಿದ: ‘ಈಗ ಚಹಾ ಕುಡಿಯಿರಿ. ಹನ್ನೆರಡು ನಿಮಿಷ.’ ಎಂಟನೆಯ ಸಲ ಪರದೆಯೆಲ್ಲ ಹಸಿರು. ಅರ್ಜಿಗೆ ಸಹಿ ಬಿತ್ತು.

ಸೋಮವಾರ ಬೆಳಿಗ್ಗೆ ಮೋಡಪ್ಪ ಸಮುದ್ರದ ದಡದಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಫೋನ್ ಬಂತು. ಪ್ರಿನ್ಸಿಪಾಲರು! ಹೆಂಡತಿ ಕಣ್ಣು ಕೆಂಪಗೆ ಮಾಡಿದಳು.

"ನಾನೇ ಕಟ್ತಿದ್ದೀನಪ್ಪಾ. ಅರವತ್ತರ ತನಕ ಸಲೀಸಾಗಿ ಬಂತು. ಈಗ ಚಹಾ ಕುಡಿಯಿರಿ ಅಂತಿದೆ. ಪುಡಿ ಎಲ್ಲಿಟ್ಟಿದ್ದೀಯಾ? ಬೇಗ ಹೇಳು, ಎಂಟೇ ನಿಮಿಷ ಉಳಿದಿದೆ!"

"ಮೂರನೇ ಯಂತ್ರದ ಹಿಂದೆ ಸರ್, ನೀಲಿ ಡಬ್ಬ."

"ಸಕ್ಕರೆ ಎಷ್ಟು?"

"ಅದು ನಿಮ್ಮಿಷ್ಟ ಸರ್. ಸಕ್ಕರೆ ಹೆಚ್ಚುಕಮ್ಮಿ ಆದ್ರೂ ಕ್ಲೌಡ್ ಏಳತ್ತೆ," ಎಂದ ಮೋಡಪ್ಪ, ಫೋನನ್ನು ಹೆಂಡತಿಯ ಚೀಲದೊಳಗೆ ಹಾಕಿ, ಪ್ಯಾಂಟು ಮಡಚಿಕೊಂಡು ನೀರಿಗಿಳಿದ.