ಬಾಯಿ ಕೋವಿ

ನಮ್ಮ ಸರಕಾರಿ ಹೈಸ್ಕೂಲಿನಲ್ಲಿ ಓಟ ಶುರು ಮಾಡಿಸುವ ಕೋವಿ ಇರಲಿಲ್ಲ, ನಾನಿದ್ದೆ. ಪಿ.ಟಿ. ಮಾಸ್ಟ್ರೂ ಇರಲಿಲ್ಲ, ಹಿಂದಿ ಸರ್ ಇದ್ದರು. ಇದ್ದ ಒಂದು ವಿಷಲ್ ಒಡೆದ ದಿನ ಅವರು ನನ್ನ ಕಡೆ ತಿರುಗಿದರು.

"ಕಾಗೆ, ಬಸ್ಸು, ನನ್ನ ಕೆಮ್ಮು, ಎಲ್ಲ ಮಾಡ್ತಿ ಅಲ್ಲವಾ? ಒಂದು ಕೋವಿ ಮಾಡು ನೋಡುವ."

ನಾನು "ಠೋ!" ಎಂದೆ. ಹೆಂಚಿನ ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು. ನನಗೆ ಹುದ್ದೆ ಸಿಕ್ಕಿತು.

ನನ್ನ ಠೋಗೆ ಓಡುತ್ತಿದ್ದವಳು ಕುದ್ರೋಳಿಯಿಂದ ಬರುವ ನಮ್ಮ ಕ್ಲಾಸಿನ ಹುಡುಗಿ. ಅಪ್ಪ ಬೋಟಿನಲ್ಲಿ ಮೀನಿಗೆ ಹೋಗುವವರು. ತಾಲೂಕು ಕೂಟದ ನೂರು ಮೀಟರಿನಲ್ಲಿ ಮೊದಲಿಬ್ಬರು ಜಿಲ್ಲೆಗೆ. ಜಿಲ್ಲೆಯಲ್ಲಿ ಕ್ರೀಡಾ ಹಾಸ್ಟೆಲಿನವರು ನೋಡಿ ಆರಿಸಿಕೊಳ್ಳುತ್ತಾರೆ. ಅವಳಿಗೆ ಬೇಕಿದ್ದದ್ದು ಅದೊಂದೇ. ಬೆಳಗಿನ ಹಾಲುಬೆಳಕಿನಲ್ಲಿ ಅವಳ ಬರಿಗಾಲು ಆ ಕೆಂಪು ಮಣ್ಣನ್ನು ಮುಟ್ಟುತ್ತಿತ್ತೋ ಇಲ್ಲವೋ, ಈಗ ನೆನೆದರೂ ನನಗೆ ಖಾತ್ರಿಯಿಲ್ಲ. ನನ್ನ ಠೋ ಮುಗಿಯುವ ಮೊದಲೇ ಅವಳು ಗಾಳಿಯಲ್ಲಿರುತ್ತಿದ್ದಳು. ನನ್ನ ಕೋವಿಯೇ ಕೋವಿ ಎಂದು ನಾನು ಉಬ್ಬಿದ್ದೆ.

ಕೂಟ ನಡೆದದ್ದು ಪಂಪ್‌ವೆಲ್‌ನಿಂದಾಚೆಯ ಒಂದು ಪ್ರೈವೇಟ್ ಶಾಲೆಯಲ್ಲಿ. ಯಾರೋ ಬಾಚಣಿಗೆ ಹಿಡಿದು ಬಾಚಿಟ್ಟಂಥ ಹುಲ್ಲು. ಅಲ್ಲಿನ ಮಕ್ಕಳಿಗೆ ಮೊಳೆಯ ಶೂ, ಕೋಚು, ಕೋಚಿನ ಟೋಪಿ ಹಿಡಿಯಲು ಇನ್ನೊಬ್ಬ ಕೋಚು. ನಮಗೆ ಹಿಂದಿ ಸರ್, ಅವರ ಚೀಲದಲ್ಲಿ ಗ್ಲೂಕೋಸ್ ಪುಡಿ. ಮೊದಲ ಸುತ್ತಿನಲ್ಲಿ ನಿಜವಾದ ಕೋವಿ ಸಿಡಿಯಿತು. ಎಲ್ಲರೂ ಹೋದರು, ಅವಳು ಕಣ್ಣು ಮಿಟುಕಿಸುವಷ್ಟು ಹೊತ್ತು ಗೆರೆಯಲ್ಲೇ ಉಳಿದಳು. ಆಮೇಲೆ ಹೇಗೋ ಓಡಿ, ಕೊನೆಯ ಜಾಗದಲ್ಲಿ ಫೈನಲ್‌ಗೆ ತೂರಿಕೊಂಡಳು.

"ಎಂತ ಆಯ್ತು ಮಾರಾಯ್ತಿ, ನಿದ್ದೆಯಾ?" ಎಂದೆ.

"ಆ ಕೋವಿ ಉಸಿರೇ ತೆಗೊಳ್ಳುದಿಲ್ಲ ಮಾರಾಯ! ನೀನು ಠೋ ಅನ್ನುವ ಮೊದಲು ಹೂಂಂ ಅಂತ ಗಾಳಿ ಎಳೀತಿಯಲ್ಲ, ನಾನು ಅದಕ್ಕೇ ಓಡುದು."

ಮಿಮಿಕ್ರಿಯವನಿಗೆ ಇದಕ್ಕಿಂತ ಅವಮಾನ ಉಂಟೇ? ಇಡೀ ವರ್ಷ ನಾನು ಅನುಕರಿಸಿದ್ದು ದಮ್ಮು ಕಾಯಿಲೆಯ ಕೋವಿಯನ್ನು.

ಫೈನಲ್‌ಗೆ ಅರ್ಧ ಗಂಟೆಯಿತ್ತು. ನೀರಿನ ಟ್ಯಾಂಕಿನ ಹಿಂದೆ ಅವಳನ್ನು ಓಟಕ್ಕೆ ಬಗ್ಗಿಸಿ, ನಾನು ಮೂಗಿನಲ್ಲಿ ಕದ್ದು ಗಾಳಿ ತುಂಬಿ, ತಡೆದು, ಕಲ್ಲಿನ ಹಾಗೆ ನಿಂತು ಠೋ ಎಂದೆ. ಒಮ್ಮೆ ಬೇಗ, ಒಮ್ಮೆ ತಡ. ಹತ್ತು ಸಲ, ಇಪ್ಪತ್ತು ಸಲ.

"ನಿನ್ನ ಮುಖ ಬೇಯಿಸಿದ ಏಡಿ ಹಾಗೆ ಉಂಟು," ಎಂದಳು.

"ನೀನು ಮುಂದೆ ನೋಡು!"

ಫೈನಲ್‌ನ ಸದ್ದು ನನಗೆ ಕೇಳಲೇ ಇಲ್ಲ. ಹೊಗೆಯ ಒಂದೆಳೆ ಮೇಲೇರುವುದು ಕಂಡಿತು. ಅವಳ ಜಾಗ ಆಗಲೇ ಖಾಲಿಯಾಗಿತ್ತು. ನೀರಿನಡಿಯಲ್ಲಿ ನಡೆಯುತ್ತಿದೆಯೋ ಎಂಬಂತೆ ಎಲ್ಲವೂ ನಿಧಾನ, ನಿಶ್ಶಬ್ದ. ಅವಳು ಎರಡನೆಯವಳಾಗಿ ಬಂದಳು.

ಹೆಸರು ಬರೆದುಕೊಳ್ಳುವ ಮೇಜಿನವರು ಜಿಲ್ಲೆಯ ಫಾರಂ ಮುಂದಿಟ್ಟು "ಕೋಚ್ ಹೆಸರು?" ಎಂದರು. ಅವಳು ನನ್ನ ಕಡೆ ಬೆರಳು ತೋರಿಸಿದಳು.

"ಸುಮ್ಮನಿರು. ಇವನ ಹೆಸರು ಹಾಕಿದರೆ ಜಿಲ್ಲೆಯಲ್ಲಿ ನಮ್ಮ ಮರ್ಯಾದೆ ಎಂತ ಉಂಟು?" ಎಂದು ಸರ್ ತಮ್ಮ ಹೆಸರನ್ನೇ ಬರೆದು, ಹಿಂದಿಯಲ್ಲಿ ಸಹಿ ಹಾಕಿದರು. ಅವಳು ಆಗಲೇ ಮೈದಾನದ ಆ ತುದಿಯನ್ನು, ಅಲ್ಲಿ ಜಿಲ್ಲೆಯ ಓಟ ಶುರುವಾಗಲಿರುವ ಹಾಗೆ, ನೋಡುತ್ತಾ ನಿಂತಿದ್ದಳು.