ಕಂಬದ ಬುಡ

ಕಂಬದ ಬುಡ ಭಾರ, ತುದಿ ಹಗುರ. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯಿಂದ ನ್ಯಾಮತಿ ಕಡೆಯ ಹಳ್ಳಿಗಳಿಗೆ ಕರೆಂಟಿನ ಲೈನು ಎಳೆಯುವಾಗ ನಾವು ಆರು ಜನ ಕೂಲಿಗಳು ಮರದ ಕಂಬ ಹೊರುತ್ತಿದ್ದೆವು. ಬುಡಕ್ಕೆ ಯಾರು ಎಂದು ಯಾರೂ ಗೊತ್ತುಮಾಡುತ್ತಿರಲಿಲ್ಲ. ನಮ್ಮಲ್ಲೊಬ್ಬನಿಗೆ ಕೆಮ್ಮು. ಅವನು ಕೆಮ್ಮುತ್ತ ಬಂದ ದಿನ ಉಳಿದವರು ಮಾತಿಲ್ಲದೆ ಸರಿದು ತುದಿ ಬಿಟ್ಟುಕೊಡುತ್ತಿದ್ದರು. ಮಧ್ಯಾಹ್ನ ಎಲ್ಲರ ಬುತ್ತಿ ಒಂದೇ ಟವೆಲ್ಲಿನ ಮೇಲೆ. ಟವೆಲ್ಲು ಕೆಂಪಗಿತ್ತು ಎಂಬುದು ನೆನಪಿಗೆ ಆಮೇಲೆ ಸೇರಿಕೊಂಡಿರಬಹುದು.

ಹೊಸ ಮೇಸ್ತ್ರಿ ಬಂದ. ಕೆಟ್ಟವನಲ್ಲ. ನಮಗೆ ಹುರುಪು ಬರಲೆಂದು, ತಿಂಗಳ ಕೊನೆಗೆ ಎಲ್ಲರಿಗಿಂತ ಚೆನ್ನಾಗಿ ದುಡಿದವನಿಗೆ ಕೊಡುತ್ತೇನೆಂದು ಒಂದು ಸ್ಟೀಲಿನ ಟಿಫಿನ್ ಕ್ಯಾರಿಯರನ್ನು ಗುಡಾರದ ಗೂಟಕ್ಕೆ ನೇತುಹಾಕಿದ. ಮರುದಿನದಿಂದ ಅವನು ಕಂಡರೆ ಎಲ್ಲರೂ ಬುಡಕ್ಕೆ ನುಗ್ಗುವವರೇ. ಅವನು ಸೈಕಲ್ ಹತ್ತಿದರೆ ಕಂಬ ನೆಲಕ್ಕೆ. ಕೆಮ್ಮುವವನೂ ಬುಡಕ್ಕೇ ಬಂದ.

ಕ್ಯಾರಿಯರ್ ನನಗೆ ಬಂತು. ನಾನು ಹೆಚ್ಚು ದುಡಿದಿರಲಿಲ್ಲ. ಎತ್ತರಕ್ಕಿದ್ದೆ, ಕಣ್ಣಿಗೆ ಬೀಳುತ್ತಿದ್ದೆ. ಉಳಿದವರು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಕಂಬ ಎತ್ತಲು ಹೋದರೆ ತುದಿ, ನಡು ಎಲ್ಲ ತುಂಬಿತ್ತು. ಬುಡದ ಒಂದು ಬದಿ ಮಾತ್ರ ಖಾಲಿ. ನಮ್ಮಲ್ಲಿ ಹಿರಿಯನಾದ ಚನ್ನಗಿರಿಯವನು ನನ್ನ ಕಡೆ ನೋಡದೆ ಹೇಳಿದ:

"ಬಹುಮಾನ ತಗಂಡೋರು ಅಲ್ಲಿಗೆ ಬರ್ಲಿ ಬಿಡ್ರಪ್ಪಾ. ನಮಗೆಲ್ಲಿ ಹೊರಾಕೆ ಬರ್ತೈತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಂದಿನಿಂದ ಬುಡ ನನ್ನದು. ಕ್ಯಾರಿಯರನ್ನು ಮನೆಯಲ್ಲೇ ಬಿಟ್ಟು, ಮೊದಲಿನ ಹಾಗೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿ ಟವೆಲ್ಲಿನ ಮೇಲಿಟ್ಟೆ. ಸ್ಟೀಲು ಸವೀತೈತಾ ಎಂದು ಒಬ್ಬ ಕೇಳಿದ. ನನ್ನ ರೊಟ್ಟಿಯನ್ನು ಯಾರೂ ಮುರಿಯಲಿಲ್ಲ. ಕ್ಯಾರಿಯರನ್ನು ವಾಪಸ್ ಕೊಡಲು ಹೋದಾಗ ಮೇಸ್ತ್ರಿ ಬೆನ್ನು ತಟ್ಟಿ, ನಿನ್ನನ್ನು ನೋಡಿ ಅವರೂ ಕಲಿಯಲಿ ಎಂದು ಕಳಿಸಿದ.

ಮುಂದಿನ ವರ್ಷ ಜಗಳೂರು ಕಡೆ ಕೆಲಸ. ಮೇಸ್ತ್ರಿ ಬದಲಾಗಿದ್ದ, ಬಹುಮಾನ ನಿಂತಿತ್ತು, ಜನ ಅವರೇ. ಒಂದು ಬೆಳಿಗ್ಗೆ ನನಗೆ ಜ್ವರ. ಹಲ್ಲು ಕಟಕಟ ಅನ್ನುತ್ತಿತ್ತು. ಏನೂ ಹೇಳದೆ ತುದಿಯ ಹತ್ತಿರ ಹೋಗಿ ನಿಂತೆ, ಯಾರಾದರೂ ಸರಿಯುತ್ತಾರೆಂದು. ಕೆಮ್ಮುವವನು ನೋಡಿದ. ಅರ್ಧ ಹೆಜ್ಜೆ ಸರಿದ, ಉಳಿದವರ ಮುಖ ನೋಡಿ ಮತ್ತೆ ತನ್ನ ಜಾಗಕ್ಕೆ ಬಂದ. ಆ ಅರ್ಧ ಹೆಜ್ಜೆಯನ್ನೂ ನೆನಪಿಗೆ ಆಮೇಲೆ ನಾನೇ ಸೇರಿಸಿದ್ದೇನೋ.

"ಎತ್ರಪ್ಪಾ, ಬಿಸ್ಲು ಏರ್ತೈತೆ," ಅಂದ ಚನ್ನಗಿರಿಯವನು.

ಬುಡಕ್ಕೆ ಹೋದೆ. ಹೆಗಲು ನೋಯಿತೇ, ನೆನಪಿಲ್ಲ. ಕಂಬ ಹೋಗಬೇಕಾದಲ್ಲಿಗೆ ಹೋಯಿತು.