ಹುಣಸೆಹಣ್ಣು ಅಂಟಿದ ಕೈ

ಮೊನ್ನೆ ಮಂಡ್ಯದ ಸಿಇಟಿ ಕೇಂದ್ರದ ಗೇಟಿನ ಹೊರಗೆ ಮಗಳಿಗಾಗಿ ಕಾಯುತ್ತ ನಾನು ಹತ್ತನೇ ಸಲ ಮೊಬೈಲಿನಲ್ಲಿ ಗಂಟೆ ನೋಡಿದಾಗ, ಪಕ್ಕದಲ್ಲಿ ಕೂತಿದ್ದ ಕೆರಗೋಡಿನ ಅಜ್ಜಿಯೊಬ್ಬರು ನನ್ನ ಕೈಗೆ ಒಂದು ಹಿಡಿ ಹುಣಸೆಹಣ್ಣು ತುಂಬಿದರು. ಮೊಮ್ಮಗಳನ್ನು ಪರೀಕ್ಷೆಗೆ ಕರೆತಂದವರು ಮನೆಗೆಲಸವನ್ನೂ ಚೀಲದಲ್ಲಿ ತಂದಿದ್ದರು.

"ಅದ್ನ ತಿಕ್ಕುದ್ರೆ ಮಗೀಗೆ ಮಾರ್ಕ್ಸ್ ಬತ್ತದಾ? ತಕಾ, ನಾರು ಬುಡ್ಸು ಕಣಪ್ಪ."

ಅಂಟು ಬೆರಳಲ್ಲಿ ಮತ್ತೆ ಮೊಬೈಲ್ ಮುಟ್ಟಲಾಗಲಿಲ್ಲ. ಬೆಲ್ ಹೊಡೆದದ್ದೂ ತಿಳಿಯಲಿಲ್ಲ. ಎಷ್ಟು ಬರೆದೆ ಎಂದು ನಾನು ಕೇಳುವ ಮೊದಲೇ ಮಗಳು ಎದುರು ನಿಂತು ನಕ್ಕಳು: "ಅಪ್ಪಾ, ಏನಿದು ಕೈ?"

ನಾನು ಎಸ್ಸೆಸ್ಸೆಲ್ಸಿ ಬರೆದು ಮನೆಗೆ ಬಂದಾಗಲೆಲ್ಲ ಅವ್ವ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿರುತ್ತಿದ್ದಳು. ಪರೀಕ್ಷೆ ಹೇಗಾಯಿತೆಂದು ಒಮ್ಮೆಯೂ ಕೇಳಲಿಲ್ಲ. ಅವಳಿಗೆ ಚಿಂತೆಯೇ ಇರಲಿಲ್ಲ ಎಂದು ಮೊನ್ನೆಯವರೆಗೂ ನಂಬಿದ್ದೆ.